ಹುಳದ ಮನೆಯಲ್ಲಿ ಚಪ್ಪಾಳೆ

"ಈ ಸಲ ಸ್ಕ್ರಿಪ್ಟ್ ಬೇಡ ಕಣೋ" ಎಂದು ನಮ್ಮ ತಂಡದ ನಿರ್ದೇಶಕ ಹೇಳಿದಾಗ ನಾನು ವಡೆಯನ್ನು ಸಾಂಬಾರಿನಲ್ಲಿ ಅದ್ದುತ್ತಿದ್ದೆ. ವಡೆ ಅಲ್ಲೇ ಮುಳುಗಿತು. ಆ ತಂಡಕ್ಕೆ ಮೊದಲಿನಿಂದಲೂ ನಾಟಕ ಬರೆದುಕೊಡುತ್ತಿರುವವನು ನಾನು. ನನಗೆ ಸ್ಕ್ರಿಪ್ಟ್ ಬೇಡ ಎನ್ನುವುದೂ, ಅಡುಗೆ ಭಟ್ಟರನ್ನು ಮದುವೆಗೆ ಕರೆದು "ಈ ಸಲ ಊಟ ಇಟ್ಟುಕೊಂಡಿಲ್ಲ, ನೀವು ಸುಮ್ಮನೆ ಬಂದು ಅಕ್ಷತೆ ಹಾಕಿ" ಎನ್ನುವುದೂ ಒಂದೇ.

ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದ ಹತ್ತಿರದ ಹೋಟೆಲು ಅದು. ನಿರ್ದೇಶಕ ನನ್ನ ಕಾಲೇಜು ದಿನಗಳ ಗೆಳೆಯ, ಗೌರಿಬಿದನೂರಿನವನು. ಬೆಂಗಳೂರಿನಲ್ಲಿ ಯಾವುದೋ ರಂಗ ಕಮ್ಮಟಕ್ಕೆ ಹೋಗಿ ಬಂದಿದ್ದ. ತಿರುಪತಿಗೆ ಹೋಗಿ ಬಂದವರ ತಲೆಯಲ್ಲಿರುವ ಹೊಳಪು ಕಮ್ಮಟಕ್ಕೆ ಹೋಗಿ ಬಂದವರ ಕಣ್ಣಿನಲ್ಲಿರುತ್ತದೆ.

"ಆರ್ ಅಂಡ್ ಡಿ ಮಾಡಣ" ಎಂದ. "ಔಷಧಿ ಕಂಪ್ನಿಯೋರು ಮಾಡ್ತಾರಲ್ಲ, ಹಂಗೆ. ಮೊದ್ಲು ಹುಡುಕೋದು, ಮಾಡಿ ನೋಡೋದು, ಕೆಡಿಸೋದು, ಮತ್ತೆ ಮಾಡೋದು. ನಾಟಕ ಆಮೇಲೆ. ಏನು ಸಿಗುತ್ತೋ ಗೊತ್ತಿಲ್ಲ ಅಂತ ಒಪ್ಕೊಂಡೇ ಒಳಕ್ಕೆ ಹೋಗೋದು."

"ಏನೂ ಸಿಗ್ಲಿಲ್ಲ ಅಂದ್ರೆ?"

"ಏನೂ ಸಿಗ್ಲಿಲ್ಲ ಅನ್ನೋದು ಸಿಗುತ್ತೆ."

"ಅಷ್ಟೊತ್ತು ನಾನೇನ್ ಮಾಡ್ಲಿ?"

"ನೋಡು. ನೋಡಿದ್ದನ್ನ ಬರ್ಕೊ. ನೀನಾಗಿ ಏನೂ ಬರೀಬೇಡ, ಬರೀ ಬರ್ಕೊ."

ವಿಷಯವನ್ನೂ ಅವನೇ ಆರಿಸಿಟ್ಟಿದ್ದ: ರೇಷ್ಮೆ ಹುಳ ಸಾಕುವ ಮನೆಗಳು. ಕೆಲವು ವಾರ ಹುಡುಕಾಟ, ಕೊನೆಗೆ ಶಿಡ್ಲಘಟ್ಟದ ಕಡೆಯ ಒಂದು ಹಳ್ಳಿಯಲ್ಲಿ ಹುಳ ಸಾಕುವವರ ಎದುರಿಗೇ ಒಂದು ಪ್ರದರ್ಶನ, ಆಮೇಲೆ ಪೂರ್ಣ ನಾಟಕ ಊರೂರಿಗೆ. ಆ ರಾತ್ರಿಯೇ ಆಹ್ವಾನ ಪತ್ರಿಕೆಯ ಕರಡು ವಾಟ್ಸಾಪಿಗೆ ಬಂತು. 'ನಿರ್ದೇಶನ' ಎಂಬುದರ ಮುಂದೆ ಅವನ ಹೆಸರಿತ್ತು. 'ರಚನೆ' ಎಂಬುದರ ಮುಂದೆ ಚುಕ್ಕಿಗಳಿದ್ದವು. ಫೋನ್ ಮಾಡಿ ಕೇಳಿದೆ. "ಅದನ್ನ ಕಡೇಗೆ ನೋಡಣ ಬಿಡೋ" ಎಂದ.

ನನ್ನ ಹೆಸರು ಅಚ್ಚಾಗುವುದು ಎರಡೇ ಕಡೆ. ಒಂದು ನಮ್ಮ ನಾಟಕದ ಆಹ್ವಾನ ಪತ್ರಿಕೆಯಲ್ಲಿ, ಇನ್ನೊಂದು ಕರೆಂಟ್ ಬಿಲ್ಲಿನಲ್ಲಿ. ಆ ಚುಕ್ಕಿಗಳನ್ನು ದೊಡ್ಡದು ಮಾಡಿ, ಸಣ್ಣದು ಮಾಡಿ, ನಿದ್ದೆ ಬರುವವರೆಗೂ ನೋಡಿದೆ.

ಆಷಾಢವಾದ್ದರಿಂದ ಮದುವೆಗಳಿರಲಿಲ್ಲ. ಒಂದು ಛತ್ರದ ಊಟದ ಹಾಲ್ ನಮಗೆ ಸಿಕ್ಕಿತು. ಉದ್ದುದ್ದದ ಕಲ್ಲಿನ ಮೇಜುಗಳು, ಗೋಡೆಗೆ ಒರಗಿಸಿದ ಪ್ಲಾಸ್ಟಿಕ್ ಕುರ್ಚಿಗಳ ರಾಶಿ, ಎಷ್ಟು ತೊಳೆದರೂ ಹೋಗದ ಸಾರಿನ ವಾಸನೆ. ನಿರ್ದೇಶಕ ಗೋಡೆಯ ಮೇಲೆ ಕಂದು ಕಾಗದ ಅಂಟಿಸಿ, ಅದರ ಮೇಲೆ ಬರೀ ಪ್ರಶ್ನೆಗಳನ್ನು ಬರೆಯಬೇಕೆಂದ. ಉತ್ತರ ಬರೆಯುವ ಹಾಗಿಲ್ಲ. 'ಹುಳಕ್ಕೆ ಕಿವಿ ಇದೆಯಾ?' ಎಂದು ಒಬ್ಬರು ಬರೆದರು. 'ಹುಳದ ಮನೆಯಲ್ಲಿ ಯಾರು ಮೊದಲು ಊಟ ಮಾಡ್ತಾರೆ?' ಎಂದು ಇನ್ನೊಬ್ಬರು. ನಾನು 'ಸ್ಕ್ರಿಪ್ಟ್ ಯಾವಾಗ?' ಎಂದು ಬರೆದೆ. ನಿರ್ದೇಶಕ ಅದರ ಮೇಲೆ ಅಡ್ಡಗೆರೆ ಎಳೆದ.

ಒಂದೊಂದು ಪ್ರಶ್ನೆಯನ್ನು ತೆಗೆದುಕೊಂಡು ಇಬ್ಬರು ಮೂವರು ಸೇರಿ, ಚರ್ಚೆ ಮಾಡದೆ, ನಿಂತ ನಿಲುವಿನಲ್ಲೇ ಆಡಿ ತೋರಿಸಬೇಕು. ಆಡಿದ್ದು ಹೇಗೇ ಇರಲಿ, ಮುಗಿದ ಕೂಡಲೇ ಎಲ್ಲರೂ ಚಪ್ಪಾಳೆ ತಟ್ಟಬೇಕು. ಇದು ಕಮ್ಮಟದಿಂದ ಬಂದ ನಿಯಮ. "ಬೈದ್ರೆ ಮನಸ್ಸು ಬಾಗಿಲು ಹಾಕ್ಕೊಳುತ್ತೆ" ಎಂದ ನಿರ್ದೇಶಕ. ಮೊದಲ ವಾರ ಮುಗಿಯುವಷ್ಟರಲ್ಲಿ ನಮ್ಮವರಿಗೆ ಚಪ್ಪಾಳೆ ಉಸಿರಾಟದಷ್ಟು ಸಲೀಸಾಯಿತು. ಚಹಾ ಬಂದರೆ ಚಪ್ಪಾಳೆ. ಛತ್ರದ ಕಾವಲುಗಾರ ಫ್ಯಾನಿನ ಕಿರಕಿರ ನಿಲ್ಲಿಸಿದ್ದಕ್ಕೂ ಚಪ್ಪಾಳೆ. ನಾನು ಕುರ್ಚಿಗಳ ರಾಶಿಯ ಪಕ್ಕ ಕುಳಿತು ಬರೆದುಕೊಳ್ಳುತ್ತಿದ್ದೆ. ಬರೆಯುವ ಕೈ ಖಾಲಿ ಇರುವುದಿಲ್ಲವಲ್ಲ, ಆದ್ದರಿಂದ ಚಪ್ಪಾಳೆಯಿಂದ ನನಗೆ ರಿಯಾಯಿತಿ ಸಿಕ್ಕಿತು.

ತಂಡದಲ್ಲಿ ಹೊಸದಾಗಿ ಸೇರಿದ್ದ ಚಿಂತಾಮಣಿಯ ನಟಿಯೊಬ್ಬಳಿದ್ದಳು. ಬೆಳಿಗ್ಗೆ ಮೆಡಿಕಲ್ ಸ್ಟೋರಿನಲ್ಲಿ ಕೆಲಸ, ಮಧ್ಯಾಹ್ನದ ಮೇಲೆ ಬಸ್ಸು ಹತ್ತಿ ಬರುತ್ತಿದ್ದಳು. ಒಂದು ಸಂಜೆ 'ಯಾರು ಮೊದಲು ಊಟ ಮಾಡ್ತಾರೆ' ಎಂಬ ಪ್ರಶ್ನೆಗೆ ಅವಳು ಹುಳದ ಮನೆಯ ಸೊಸೆಯಾಗಿ ನಿಂತಳು. ಹುಳ ಪೊರೆ ಬಿಡುವ ಮುಂಚೆ ಸೊಪ್ಪು ಮುಟ್ಟದೆ ಮಂಕಾಗಿ ಕೂರುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಆ ಹೊತ್ತಿನಲ್ಲಿ ಮನೆಯವರು ಸದ್ದು ಮಾಡುವುದಿಲ್ಲ ಎಂದು ಯಾರೋ ಹೇಳಿದ್ದರು. ಅವಳು ಇಲ್ಲದ ಸೊಪ್ಪನ್ನು ಇಲ್ಲದ ತಟ್ಟೆಗೆ ಹರಡುತ್ತಾ, ಯಾರ ಕಡೆಗೂ ನೋಡದೆ, ತನ್ನಷ್ಟಕ್ಕೆ ಹೇಳಿಕೊಂಡಳು:

"ಹುಳಕ್ಕೆ ಜ್ವರ ಬಂದ್ರೆ ಮನೆಯೆಲ್ಲಾ ಪಿಸುಮಾತು. ನಂಗೆ ಜ್ವರ ಬಂದ್ರೆ ಟೀವಿ ಜೋರು."

ಆಮೇಲೆ ಬಂದದ್ದು ನಿಯಮದ ಚಪ್ಪಾಳೆಯಲ್ಲ. ಎರಡರ ಸದ್ದೂ ಬೇರೆ, ಅದನ್ನು ಗುರುತಿಸುವಷ್ಟು ಕಿವಿ ನನಗಿದೆ. ಹೊಟ್ಟೆಯಲ್ಲಿ ಯಾರೋ ಹಸಿಮೆಣಸಿನಕಾಯಿ ಅರೆದ ಹಾಗಾಯಿತು. ನಾನು ಅದೇ ವಿಷಯಕ್ಕೆ ಹಿಂದಿನ ರಾತ್ರಿ, ಬರೀಬೇಡ ಎಂದಿದ್ದರೂ, ಗುಟ್ಟಾಗಿ ಒಂದು ಸ್ವಗತ ಬರೆದಿದ್ದೆ. 'ಎಲೈ ರೇಷ್ಮೆಯೇ' ಎಂದು ಶುರುವಾಗುತ್ತಿತ್ತು.

ಮನೆಗೆ ಹೋಗಿ ಅವಳ ಮಾತಿಗಿಂತ ಒಳ್ಳೆಯ ಮಾತೊಂದನ್ನು ಬರೆಯಲು ಕೂತೆ. "ಯಾಕ್ರೀ ಹಂಗೆ ಹಲ್ಲು ಕಡೀತಿದೀರಾ, ಜಂತು ಹುಳ ಏನಾದ್ರೂ ಆಯ್ತಾ?" ಎಂದಳು ಹೆಂಡತಿ. ಮಾರನೆಯ ದಿನ ನಟಿಗೆ ಒಂದು ಚೀಟಿ ಕೊಟ್ಟು, "ಸುಮ್ನೆ ಪ್ರಯತ್ನ ಮಾಡಮ್ಮ" ಎಂದೆ. 'ಈ ಮನೆಯ ಗೋಡೆಗಳು ಕೇಳಿಸಿಕೊಂಡಷ್ಟನ್ನೂ ಈ ಮನೆಯ ಮನುಷ್ಯರು ಕೇಳಿಸಿಕೊಳ್ಳಲಿಲ್ಲ' ಎಂದು ಅದರಲ್ಲಿತ್ತು. ಅವಳು ಭಕ್ತಿಯಿಂದ ಹೇಳಿದಳು. ಮಾತು ಒದ್ದೆ ಸೌದೆಯ ಹಾಗೆ ಹೊಗೆಯಾಡಿತೇ ಹೊರತು ಹತ್ತಲಿಲ್ಲ. ಚಪ್ಪಾಳೆಯೇನೋ ಬಂತು, ನಿಯಮದ್ದು.

"ಸಾರ್, ಮಾತು ತುಂಬ ಚೆನ್ನಾಗಿದೆ ಸಾರ್. ನಾನೇ ಸರಿಯಾಗಿ ಹೇಳ್ಲಿಲ್ಲ" ಎಂದಳು ಆಮೇಲೆ ಬಂದು.

ಅವಳಲ್ಲಿ ಒಂದು ದುರ್ಗುಣವಾದರೂ ಇದ್ದಿದ್ದರೆ ನಾನು ನೆಮ್ಮದಿಯಾಗಿರುತ್ತಿದ್ದೆ. ಹುಡುಕಿದೆ. ತಡವಾಗಿ ಬರುತ್ತಿರಲಿಲ್ಲ. ಯಾರ ಬಗ್ಗೆಯೂ ಹಗುರವಾಗಿ ಮಾತಾಡುತ್ತಿರಲಿಲ್ಲ. ಡಬ್ಬಿಯಲ್ಲಿ ಚಿತ್ರಾನ್ನ ತಂದರೆ ಮೊದಲ ಪಾಲು ನನಗೇ ಕೊಡುತ್ತಿದ್ದಳು. ಚಿತ್ರಾನ್ನವೂ ಚೆನ್ನಾಗಿರುತ್ತಿತ್ತು. ಇಂಥವರ ಜೊತೆ ಬಾಳುವುದು ಕಷ್ಟ.

ಎರಡನೆಯ ವಾರ ಹುಳದ ಮನೆಗೆ ಹೊರಟೆವು. ಶಿಡ್ಲಘಟ್ಟ ದಾಟಿ ಒಳಗೆ ಹೋದರೆ ನಿರ್ದೇಶಕನ ದೂರದ ನೆಂಟರ ಹಳ್ಳಿ. ಆ ನೆಂಟರ ಮನೆಯ ಯಜಮಾನಿ ಅರವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಹಿಪ್ಪುನೇರಳೆ ತೋಟ, ಹುಳದ ಮನೆ, ಆಳುಕಾಳು ಎಲ್ಲವೂ ಅವರ ಮಾತಿನಲ್ಲೇ ನಡೆಯುವುದು. ಫೋನಿನಲ್ಲೇ ಷರತ್ತು ಹಾಕಿದ್ದರು: "ಸೆಂಟು, ಪೌಡ್ರು, ಮಲ್ಲಿಗೆ ಹೂವ ಒಂದೂ ಬ್ಯಾಡ. ಊದುಬತ್ತಿ ವಾಸ್ನೆ ಬಟ್ಟೆನೂ ಬ್ಯಾಡ. ಬೀಡಿ ಸೇದೋರು ಊರಾಚೆನೇ ಇರ್ಲಿ." ಟೆಂಪೊದಲ್ಲಿ ಒಬ್ಬರ ಅಂಗಿಯನ್ನು ಒಬ್ಬರು ಮೂಸಿ ನೋಡುತ್ತಾ ಹೋದೆವು. ನನ್ನ ಮಂಡಿಗೆ ಬೆಳಿಗ್ಗೆ ನೋವಿನೆಣ್ಣೆ ಹಚ್ಚಿದ್ದೆ. ಆ ಎಣ್ಣೆಗೆ ಅವರ ಬೆಳೆಯೆಲ್ಲಾ ಸತ್ತು, ಪೊಲೀಸರು ಬಂದು, ನಾನು ಮಂಡಿ ತೋರಿಸುತ್ತಿರುವ ಚಿತ್ರ ದಾರಿಯುದ್ದಕ್ಕೂ ಕಣ್ಮುಂದೆ. ಇಳಿದ ಕೂಡಲೇ ಕೊಳಾಯಿ ಹುಡುಕಿ ಸೋಪು ಹಾಕಿ ಉಜ್ಜಿದೆ.

ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ಕಾಲಿಟ್ಟು, ಕೈ ತೊಳೆದು ಒಳಗೆ ಹೋದೆವು. ಮಬ್ಬು ಬೆಳಕು. ಕಬ್ಬಿಣದ ಅಂತಸ್ತುಗಳ ಮೇಲೆ ಉದ್ದಕ್ಕೂ ಹಸಿರು ರೆಂಬೆಗಳು, ರೆಂಬೆಗಳ ತುಂಬ ಬೆರಳುದ್ದದ ಬಿಳಿ ಹುಳಗಳು. ನಾಲ್ಕನೇ ಜ್ವರ ಕಳೆದು ಕಡೆಯ ಹಸಿವಿನಲ್ಲಿದ್ದವು. ಅವು ತಿನ್ನುವ ಸದ್ದು ಕೇಳಿಸುತ್ತಿತ್ತು, ಯಾರೋ ಪುರಿ ಪೊಟ್ಟಣವನ್ನು ಎಲ್ಲರಿಂದಲೂ ಮುಚ್ಚಿಟ್ಟು ಬಿಚ್ಚುತ್ತಿರುವ ಹಾಗೆ.

ಯಜಮಾನಿ ರೆಂಬೆ ಹಾಸುವುದನ್ನು ತೋರಿಸಿದರು. ಒಂದರ ಬುಡ ಈ ಕಡೆ ಬಂದರೆ ಇನ್ನೊಂದರದು ಆ ಕಡೆ, ಎಲ್ಲ ಹುಳಕ್ಕೂ ಎಳೆ ಸೊಪ್ಪು ಸಿಗುವ ಹಾಗೆ. ಆಮೇಲೆ ನಮಗೆ ಕೊಟ್ಟು ನೋಡಿದರು. ನನ್ನ ಕೈಯಿಂದ ರೆಂಬೆಯನ್ನು ಮೆಲ್ಲಗೆ ಬಿಡಿಸಿಕೊಂಡು, "ನೀವು ಆ ಮೂಲೇಲಿ ನಿಂತ್ಕಳಿ ಸ್ವಾಮಿ, ಕೈ ನಡುಗ್ತಾವೆ" ಎಂದು ಅದನ್ನು ನಟಿಯ ಕೈಗಿಟ್ಟರು. ಅವಳು ಹಾಸಿದಳು. ಹುಟ್ಟಿದಾಗಿನಿಂದ ಅದೇ ಕೆಲಸ ಮಾಡಿದವಳ ಹಾಗೆ ಹಾಸಿದಳು. ಯಜಮಾನಿ ಇನ್ನೊಂದು ಹೊರೆ ಎತ್ತಿ ಅವಳ ಮುಂದಿಟ್ಟರು. ಮೂಲೆಯಲ್ಲಿ ನಿಂತ ನನಗೆ ಅದು ಪದವಿ ಪ್ರದಾನ ಸಮಾರಂಭದ ಹಾಗೆ ಕಂಡಿತು.

ಒಂದು ಸಾಲು ಮುಗಿಯಿತು. ಅಷ್ಟೇ. ನಮ್ಮವರೆಲ್ಲ ಒಟ್ಟಿಗೆ, ಅಭ್ಯಾಸಬಲದಿಂದ, ಚಟಚಟನೆ ಚಪ್ಪಾಳೆ ತಟ್ಟಿಬಿಟ್ಟರು.

"ಸೂಪರ್ ಅಮ್ಮಾ!" ಎಂದ ಮಂಚೇನಹಳ್ಳಿಯ ನಟ, ಹಳ್ಳಿ ಕಡೆ ಪೌರಾಣಿಕ ನಾಟಕಗಳಲ್ಲಿ ಮೀಸೆ ತಿರುವುವ ಪಾತ್ರಗಳಿಗೆ ಹೆಸರಾದವನು. ಅವನ ಸೂಪರ್ ಮೂರನೇ ಬೀದಿಗೆ ಕೇಳಿಸಿರಬೇಕು.

"ಅಬ್ಬಾ, ಎಷ್ಟು ಚೆನ್ನಾಗಿ ಬೆಳೆದಿದಾವೆ! ಎಷ್ಟು ದಪ್ಪ!" ಎಂದಳು ನಟಿ.

ಯಜಮಾನಿಯ ಮುಖ ಸ್ವಿಚ್ಚು ಆರಿಸಿದ ಹಾಗೆ ಆರಿಹೋಯಿತು. "ಆಯ್ತು. ಎಲ್ಲ ಆಚೆ ನಡೀರಿ" ಎಂದರು. ಅಷ್ಟೇ ಮಾತು. ಕಾಯಿಸಿಟ್ಟಿದ್ದ ಕಾಫಿ ಹೊರಗೆ ಬರಲಿಲ್ಲ. ನಾವು ಟೆಂಪೊ ಹತ್ತುವಾಗ ಅವರು ಉಪ್ಪು ಮೆಣಸಿನಕಾಯಿ ಹಿಡಿದ ಮುಷ್ಟಿಯೊಂದಿಗೆ ಹುಳದ ಮನೆಯೊಳಕ್ಕೆ ಹೋಗಿ, ನಿವಾಳಿಸಿಕೊಂಡು ಬಂದು, ಹಿತ್ತಲಿನ ಒಲೆಯ ಕಡೆ ನಡೆದದ್ದನ್ನು ಕಂಡೆ.

ಸಂಜೆ ನಿರ್ದೇಶಕನಿಗೆ ಫೋನ್ ಬಂತು. ಎಲ್ಲರೂ ಕೇಳಲೆಂದು ಅವನು ಸ್ಪೀಕರ್ ಹಾಕಿದ. "ನೋಡಪ್ಪ, ನನ್ ಬೆಳೆ ಗೂಡು ಕಟ್ಟಿ ಮಾರ್ಕೆಟ್ ಸೇರೋ ಗಂಟ ನಿಮ್ಮೋರ‍್ಯಾರೂ ಈ ಕಡೆ ತಲೆ ಹಾಕ್ಬೇಡಿ. ಹುಳದ ಮನೇಲಿ ನಿಂತ್ಕಂಡು ಚೆನ್ನಾಗವೆ ಅಂತಾರಾ ಯಾರಾದ್ರೂ? ಚಪ್ಪಾಳೆ ಬೇರೆ! ದಿಷ್ಟಿ ಅನ್ನೋದು ಗೊತ್ತಿಲ್ವಾ ನಿಮ್ ಮಂದಿಗೆ?" ನಿರ್ದೇಶಕ ತಪ್ಪಾಯಿತು ಎಂದ, ಮತ್ತೆ ಮತ್ತೆ ಎಂದ. ಆ ಕಡೆಯ ದನಿ ಸ್ವಲ್ಪ ಇಳಿಯಿತು. ಆಮೇಲೆ: "ಆ ಮೂಲೇಲಿ ಮುಖ ಗಂಟಿಕ್ಕಂಡು ನಿಂತಿದ್ರಲ್ಲ, ವಯಸ್ಸಾದೋರು. ಒಂದು ಮಾತಾಡ್ಲಿಲ್ಲ, ಕೈ ತಟ್ಲಿಲ್ಲ. ಅವರೊಬ್ರು ಬೇಕಾದ್ರೆ ಬರ್ಲಿ. ಹುಳದ ಮನೆ ಮರ್ಯಾದೆ ತಿಳ್ದೋರು."

ಎಲ್ಲರೂ ನನ್ನ ಕಡೆ ತಿರುಗಿದರು. 'ವಯಸ್ಸಾದೋರು' ಎಂಬುದನ್ನು ನುಂಗಿಕೊಂಡೆ.

"ನಿಮ್ಗೆ ಹೆಂಗ್ ಗೊತ್ತಿತ್ತು ಸಾರ್?" ಎಂದಳು ನಟಿ, ನಿಜವಾದ ಗೌರವದಿಂದ.

"ಏನೋಮ್ಮ, ಒಂದು ಅನುಭವ" ಎಂದೆ. ಹೊಟ್ಟೆಕಿಚ್ಚಿನಿಂದ ಕೈ ಕಟ್ಟಿಕೊಂಡು ನಿಂತದ್ದು ಲೋಕದ ಕಣ್ಣಿಗೆ ಸಂಸ್ಕಾರವಾಗಿ ಕಾಣುವುದಾದರೆ, ತಿದ್ದಲು ನಾನು ಯಾರು?

ಹೀಗೆ ಇಡೀ ತಂಡದ ಸಂಶೋಧನೆ ನನ್ನೊಬ್ಬನ ಹೆಗಲಿಗೆ ಬಂತು. ನಾನು ಮೇಷ್ಟ್ರಾಗಿರುವ ಕಾಲೇಜಿನಲ್ಲಿ ಪಾಠ ಮುಗಿಸಿ ಶಿಡ್ಲಘಟ್ಟದ ಬಸ್ಸು ಹತ್ತುವಾಗ ಎದೆ ಸ್ವಲ್ಪ ಮುಂದೆ ಬಂದಿರುತ್ತಿತ್ತು. ಚುಕ್ಕಿಗಳ ಜಾಗದಲ್ಲಿ ನನ್ನ ಹೆಸರು ಮೆಲ್ಲಗೆ ಮೂಡುತ್ತಿರುವಂತೆ ಕಾಣುತ್ತಿತ್ತು.

ಯಜಮಾನಿ ನನ್ನನ್ನು ಅದೇ ಮೂಲೆಯಲ್ಲಿ ನಿಲ್ಲಿಸಿ ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದರು. ಎರಡನೆಯ ಸಲ ಹೋದಾಗ ಪಕ್ಕದ ಮನೆಯವ ಬಂದ. ಅವನದೂ ಹುಳದ ಮನೆಯೇ, ಅದೇ ವಯಸ್ಸಿನ ಬೆಳೆ. ಹೊಸ್ತಿಲಿನಿಂದ ಸಾಕಷ್ಟು ದೂರದಲ್ಲೇ ನಿಂತ.

"ಹೆಂಗವಕ್ಕ?"

"ಏನೋ, ಪರವಾಗಿಲ್ಲ. ನಿಂದು?"

"ಪರವಾಗಿಲ್ಲ."

ಮಾತಾಡುತ್ತಲೇ ಯಜಮಾನಿ ಒಂದು ಹೆಜ್ಜೆ ಸರಿದು, ಬಾಗಿಲಿಗೆ ಬೆನ್ನು ಅಡ್ಡ ಬರುವ ಹಾಗೆ ನಿಂತರು. ಅವನ ನೋಟ ಎಡಕ್ಕೆ ಬಂದರೆ ಇವರ ಹೆಗಲೂ ಎಡಕ್ಕೆ. ಎಲ್ಲೂ ಅವಸರವಿಲ್ಲ, ಮಾತಿನಲ್ಲಿ ಬಿಗುವಿಲ್ಲ. ಮಳೆ, ಸೊಪ್ಪು, ಮೊಮ್ಮಗಳ ಪರೀಕ್ಷೆ. ಅವನು ಹೋದ ಮೇಲೆ ಕೇಳಿದೆ, "ಯಾಕಮ್ಮ, ಅವರ ಜೊತೆ ಜಗಳವಾ?"

"ಅಯ್ಯೋ, ಬಂಗಾರದಂಥೋನು. ನಂಗೆ ಹುಷಾರಿಲ್ಲದಾಗ ಆಸ್ಪತ್ರೆಗೆ ಕರ್ಕೊಂಡೋಗಿದ್ದು ಅವ್ನೇ."

"ಮತ್ತೆ?"

"ಮತ್ತೆ ಏನು? ಬೀದಿಲಿ ಹೋಗೋರ ಕಣ್ಣು ಏನೂ ಮಾಡಲ್ಲ ಸ್ವಾಮಿ. ಅದೇ ಕಸುಬು ಮಾಡೋರ ಕಣ್ಣೈತಲ್ಲ, ಅದೇ ತಾಕೋದು. ಅವ್ರಿಗೆ ತಾನೆ ಗೊತ್ತಾಗೋದು ಬೆಳೆ ಎಷ್ಟು ಚೆನ್ನಾಗೈತೆ ಅಂತ."

ನಾನು ಬರೆದುಕೊಂಡೆ.

ಅವರು ರೆಂಬೆ ಹಾಸುತ್ತಾ ಕೇಳಿದರು, "ಅವತ್ತು ಬಂದಿತ್ತಲ್ಲ ಆ ಹುಡುಗಿ, ಸೊಪ್ಪು ಹಾಕ್ತಲ್ಲ. ನಾಟಕ ಚೆಂದ ಮಾಡ್ತದಾ?"

ನಾನು ಪುಸ್ತಕದಿಂದ ತಲೆ ಎತ್ತದೆ, "ಏನೋ, ಪರವಾಗಿಲ್ಲ" ಎಂದೆ.

ಯಜಮಾನಿ ಕನ್ನಡಕದ ಮೇಲಿನಿಂದ ನನ್ನನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದರು. ಆಮೇಲೆ ಸೊಪ್ಪಿನ ಕಡೆ ತಿರುಗಿದರು.

ನಾನು ತಂದ ಪಕ್ಕದ ಮನೆಯವನ ಕಥೆ ತಂಡಕ್ಕೆ ಹಿಡಿಸಿತು. ಗೋಡೆಯ ಮೇಲಿನ ಬೇರೆ ಪ್ರಶ್ನೆಗಳನ್ನೆಲ್ಲ ಕಿತ್ತು ನಿರ್ದೇಶಕ ಒಂದೇ ಪ್ರಶ್ನೆ ಉಳಿಸಿದ: 'ಒಳ್ಳೆಯವನ ಹೊಟ್ಟೆಕಿಚ್ಚು ಹೇಗಿರುತ್ತೆ?' ಆದರೆ ಅಡ್ಡ ನಿಂತ ಆ ಬೆನ್ನಿನ ಸಂಗತಿಯನ್ನು ನಾನು ಯಾರಿಗೂ ಹೇಳಲಿಲ್ಲ. ಬೇಕೆಂದೇ ಹೇಳಲಿಲ್ಲ. ಅದನ್ನು ನನ್ನ ಬರಹದ ಕೊನೆಗೆ, ಬ್ರಹ್ಮಾಸ್ತ್ರವಾಗಿ ಇಟ್ಟುಕೊಂಡಿದ್ದೆ. ಯಾಕೆಂದರೆ ಅಷ್ಟರಲ್ಲಿ ಪಕ್ಕದ ಮನೆಯವನಿಗೆ ಒಂದು ಸ್ವಗತ ಬರೆದಾಗಿತ್ತು, ಪುಟಗಟ್ಟಲೆ.

ಅದನ್ನು ಮಂಚೇನಹಳ್ಳಿಯ ನಟನಿಗೆ ಕೊಟ್ಟೆ. ಅವನು ಒಂದು ಕೈ ಸೊಂಟಕ್ಕಿಟ್ಟು, ಇನ್ನೊಂದರಿಂದ ಮೀಸೆ ಹುರಿಗೊಳಿಸಿ, "ಎಲಾ ನೆರೆಮನೆಯ ಭಾಗ್ಯವೇ" ಎಂದು ಗರ್ಜಿಸಿದ. ಹುಳದ ಮನೆಗೆ ಕೌರವ ಸೇನೆ ನುಗ್ಗಿದ ಹಾಗಿತ್ತು. ಮೀಸೆ ಬೇಡ ಎಂದ ನಿರ್ದೇಶಕ. ಮೀಸೆ ಬಿಟ್ಟ. ಆಗ ಹುಬ್ಬು ಆ ಕೆಲಸ ಮಾಡಿತು. ಗರ್ಜನೆ ಬೇಡ ಎಂದರು. ಮೆಲ್ಲಗೆ ಹೇಳಿದ. ಆಗ ತಿಳಿಯಿತು, ತೊಂದರೆ ಗರ್ಜನೆಯದಲ್ಲ, ಮಾತಿನದೇ. ಮೂರು ಸಂಜೆ ಅದರಲ್ಲೇ ಕಳೆದವು. ಚಪ್ಪಾಳೆಗಳು ತೆಳ್ಳಗಾಗುತ್ತಾ ಬಂದವು. ನಟಿ ಪ್ರತಿ ಸಲವೂ ಸೊಪ್ಪು ಹಾಕುತ್ತಾ ಸ್ವಗತ ಮುಗಿಯುವುದನ್ನು ಕಾಯುತ್ತಿದ್ದಳು, ಲೆವೆಲ್ ಕ್ರಾಸಿಂಗಿನಲ್ಲಿ ಗೂಡ್ಸ್ ಗಾಡಿ ದಾಟಲು ಕಾಯುವವರ ಹಾಗೆ.

"ನಡಿಯೋ, ನೀನೇ ಎದ್ದು ನಿಂತ್ಕೊ" ಎಂದ ನಿರ್ದೇಶಕ ಕೊನೆಗೆ.

"ನಾನಾ? ನಾನು ಬರೆಯೋನು."

"ಅವನನ್ನ ಕಣ್ಣಾರೆ ನೋಡಿರೋನು ನೀನೊಬ್ಬನೇ. ನೋಡಿದೋನು ತೋರಿಸ್ಬೇಕು. ಅದೂ ನಿಯಮನೇ."

ನಾನು ರಂಗಕ್ಕೆ ಹತ್ತಿದ್ದು ಹೈಸ್ಕೂಲಿನಲ್ಲಿ, ದ್ವಾರಪಾಲಕನಾಗಿ. ಅವತ್ತೂ ಭರ್ಜಿ ಕೈಯಿಂದ ಬಿದ್ದಿತ್ತು. ಮಂಡಿ ನೋವು, ಬಿಪಿ, ಮಾತ್ರೆ ತೆಗೆದುಕೊಳ್ಳುವ ಹೊತ್ತು, ಎಲ್ಲ ಕಾರಣ ಕೊಟ್ಟೆ. ನಡೆಯಲಿಲ್ಲ. ನೆಲದ ಮೇಲೆ ಅಂಟುಪಟ್ಟಿಯಿಂದ ಹೊಸ್ತಿಲು ಗುರುತು ಮಾಡಿದ್ದರು. ಅದರಿಂದ ದೂರದಲ್ಲಿ, ಪಕ್ಕದ ಮನೆಯವ ನಿಂತ ಹಾಗೆ ನಿಂತೆ. ಕಲ್ಲಿನ ಮೇಜಿನ ಮೇಲೆ ನಟಿ ರೆಂಬೆ ಹಾಸಲು ಶುರುಮಾಡಿದಳು. ಬುಡ ಈ ಕಡೆ, ಬುಡ ಆ ಕಡೆ.

ಸ್ವಗತದ ಮೊದಲ ಸಾಲು ನೆನಪಿಗೆ ಬರಲಿಲ್ಲ. ನಾನೇ ಬರೆದದ್ದು! ಗಾಬರಿಯಾಗಿ ಸುಮ್ಮನೆ ಅವಳ ಕೈ ನೋಡುತ್ತಾ ನಿಂತೆ. ಆ ಕೈಗೆ ಯಾರೂ ಬರೆದುಕೊಡಬೇಕಿಲ್ಲ. ಟೀವಿ ಜೋರು ಎಂಬ ಮಾತು ಇವಳಿಗೆ ಎಲ್ಲಿಂದ ಬಂತು? ನಾನು ಇಷ್ಟು ವರ್ಷ ರಾತ್ರಿ ಕೂತು ಗೀಚಿದರೂ ಅಂಥದ್ದೊಂದು ನನಗೆ ಯಾಕೆ ಬರಲಿಲ್ಲ? ಎಷ್ಟು ಹೊತ್ತು ನೋಡಿದೆನೆನ್ನುವುದೂ ಮರೆತುಹೋಯಿತು.

"ಏನಣ್ಣ, ಅಲ್ಲೇ ನಿಂತ್ರಿ?" ಎಂದಳು.

"ಹೆಂಗವೆ?" ಎಂದೆ.

"ಏನೋ, ಪರವಾಗಿಲ್ಲ."

ಹೀಗೆಂದು, ಅವಸರವಿಲ್ಲದೆ, ಅವಳು ಒಂದು ಹೆಜ್ಜೆ ಸರಿದಳು. ಅವಳ ಬೆನ್ನು ನನ್ನ ಕಣ್ಣಿಗೂ ಮೇಜಿಗೂ ನಡುವೆ ಬಂತು. ನಾನು ತಿಳಿಯದೆಯೇ ಎಡಕ್ಕೆ ಬಾಗಿದೆ. ಅವಳ ಹೆಗಲೂ ಎಡಕ್ಕೆ ಬಂತು.

ಅದನ್ನು ನಾನು ಅವಳಿಗೆ ಹೇಳಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ನನ್ನ ಬ್ರಹ್ಮಾಸ್ತ್ರ ಅವಳ ಬೆನ್ನಿಗೆ ತಾನಾಗಿ ಬಂದಿತ್ತು. ಬಂದದ್ದು ಹೇಗೆ ಎಂಬುದು ನನಗೆ ಆ ಕ್ಷಣವೇ ಹೊಳೆದು ಕಿವಿ ಬಿಸಿಯಾಯಿತು. ನನ್ನ ನೋಟ ಅವಳಿಗೆ ತಾಗಿತ್ತು.

ಹಾಲ್‌ನಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಕೆಲಸ ಶುರುವಾದಾಗಿನಿಂದ ಅದೇ ಮೊದಲು.

ನಿರ್ದೇಶಕ ಮೆಲ್ಲಗೆ, "ಎಲ್ಲಿಂದ ತಂದ್ಯೋ ಆ ಕಣ್ಣು?" ಎಂದ. ಸಂಶೋಧನೆ ಎಂದೆ. ಅವನು ನಗಲಿಲ್ಲ. ನನ್ನ ಪುಟಗಳನ್ನು ಕೈಗೆತ್ತಿಕೊಂಡು, "ಇದನ್ನ ಎಲ್ಲಿ ಸೇರಿಸಣ? ಅವ್ಳು ತಿರುಗಿದ ಮೇಲಾ, ಮುಂಚೇನಾ?" ಎಂದ.

ಅವನು ನಿಜವಾಗಿ ಕೇಳುತ್ತಿದ್ದ. ಮುಂಚೆ ಎಂದಿದ್ದರೆ ಮುಂಚೆ, ಆಮೇಲೆ ಎಂದಿದ್ದರೆ ಆಮೇಲೆ. ಹಳೆಯ ಸ್ನೇಹ, ಸೇರಿಸುತ್ತಿದ್ದ. ಪುಟಗಳು ಒಳಗೆ ಹೋದರೆ ಚುಕ್ಕಿಗಳ ಜಾಗದಲ್ಲಿ ನನ್ನ ಹೆಸರೂ ಹೋಗುತ್ತದೆ. ಆದರೆ ಆ ಬೆನ್ನಿನ ಮುಂದೆ ಒಂದು ಮಾತು ಹಾಕಿದರೂ ಅದು ಕೆಡುತ್ತದೆ ಎಂಬುದು ಅಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದು ನನಗೇ. ಕಸುಬಿನವನ ಕಣ್ಣು.

"ಬೇಡ" ಎಂದೆ. "ಮಾತು ಬೇಡ. ಹಿಂಗೇ ಇರ್ಲಿ."

"ಅಲ್ಲಿಗೆ ರಚನೆ ಅಂತ ಏನು ಹಾಕ್ಸಣ?"

"ತಂಡ ಅಂತ ಹಾಕ್ಸು."

ಉದಾರವಾಗಿ ಹೇಳಿ ಹೊರಗೆ ಬಂದೆ. ಬಸ್ ನಿಲ್ದಾಣ ಮುಟ್ಟುವಷ್ಟರಲ್ಲಿ ಲೆಕ್ಕ ಹಾಕತೊಡಗಿದೆ. 'ತಂಡ ಮತ್ತು' ಎಂದು ಹಾಕಿಸಬಹುದಿತ್ತಲ್ಲ? 'ಪರಿಕಲ್ಪನೆ' ಎಂದು ಬೇರೊಂದು ಸಾಲು ಮಾಡಬಹುದಿತ್ತಲ್ಲ? ಫೋನ್ ಮಾಡಿದೆ. ಬಿಜಿ. ಮತ್ತೆ ಮಾಡಿದೆ. ಕೊನೆಗೆ ಸಿಕ್ಕಿದ. "ಪ್ರೆಸ್ಸಿನೋರ ಜೊತೆ ಮಾತಾಡ್ತಿದ್ದೆ ಕಣೋ, ಹೇಳಿ ಮುಗಿಸ್ದೆ. ಯಾಕೆ?" ಎಂದ. "ಏನಿಲ್ಲ, ಊಟ ಆಯ್ತಾ ಅಂತ ಕೇಳಣ ಅಂತ" ಎಂದೆ. ಅಚ್ಚಾಗಿ ಬಂದ ಪತ್ರಿಕೆಯಲ್ಲಿ ನನ್ನ ಹೆಸರು ನಟರ ಪಟ್ಟಿಯ ಕಟ್ಟಕಡೆಗಿತ್ತು, 'ಪಕ್ಕದ ಮನೆಯವ' ಎಂಬುದರ ಮುಂದೆ.

ಯಜಮಾನಿಯ ಬೆಳೆ ಮಾರ್ಕೆಟ್ ಸೇರಿದ ಮೇಲೆ ಅವರ ಅಂಗಳದಲ್ಲೇ ಪ್ರದರ್ಶನ. ಇಳಿಹೊತ್ತಿನ ಬಿಸಿಲು, ಹುಳಗಳು ಗೂಡು ಕಟ್ಟುವ ಚಂದ್ರಿಕೆಗಳೇ, ಈಗ ಖಾಲಿಯಾದವು, ಹಿನ್ನೆಲೆ. ಆ ಬಿದಿರ ತಟ್ಟೆಗಳಲ್ಲಿ ಗೂಡು ಬಿಡಿಸಿಕೊಂಡ ಮೇಲೂ ರೇಷ್ಮೆಯ ಎಳೆಗಳು ಅಂಟಿಕೊಂಡಿದ್ದವು. ಸುತ್ತಲ ಮನೆಗಳವರೆಲ್ಲ ಬಂದಿದ್ದರು. ನಿಜವಾದ ಪಕ್ಕದ ಮನೆಯವ ಒಳಗೆ ಬರದೆ ಗೇಟಿನ ಹತ್ತಿರವೇ ನಿಂತಿದ್ದ.

ಟೀವಿ ಮಾತಿಗೆ ಹೆಂಗಸರು ಒಬ್ಬರನ್ನೊಬ್ಬರು ತಿವಿದುಕೊಂಡು ನಕ್ಕರು. ಒಬ್ಬಾಕೆ ಗಂಡನ ಕಡೆ ಕೈ ತೋರಿಸಿ ನಕ್ಕಳು. ಅಲ್ಲೇ ಪಕ್ಕದಲ್ಲಿ ನಿಂತಿದ್ದ ನನಗೆ ಮತ್ತೆ ಉರಿಯಿತು. ಆ ಉರಿಯನ್ನು ಕೆಡಿಸಿಕೊಳ್ಳದೆ ಹಾಗೇ ಹೊತ್ತುಕೊಂಡು ಹೋಗಿ ನನ್ನ ಜಾಗದಲ್ಲಿ ನಿಂತೆ. ನಟರು ತಯಾರಿ ಎನ್ನುತ್ತಾರಲ್ಲ, ನನ್ನದು ಅಷ್ಟೇ. ನೋಡಿದೆ. ಹೆಂಗವೆ ಎಂದೆ. ಪರವಾಗಿಲ್ಲ ಎಂದಳು. ಬೆನ್ನು ತಿರುಗಿತು.

"ಅಡ್ಡ ನಿಂತ್ಲು ನೋಡು!" ಎಂದಿತು ಜನರ ನಡುವಿನಿಂದ ಒಂದು ದನಿ. ಕೆಲವರು ಗೇಟಿನ ಕಡೆ ನೋಡಿದರು. ಗೇಟಿನ ಹತ್ತಿರ ನಿಂತಿದ್ದವನು ತನ್ನ ಕಾಲಿನ ಕಡೆ ನೋಡಿಕೊಂಡ.

ಮುಗಿದ ಮೇಲೆ ಹೆಂಗಸರು ನಟಿಯನ್ನು ಸುತ್ತುವರಿದರು. ಕೆನ್ನೆ ಸವರುವವರು, ಬಳೆ ನೋಡುವವರು, ಯಾರ ಮಗಳು ಎಂದು ಕೇಳುವವರು. ನಾನು ಸ್ವಲ್ಪ ದೂರದಲ್ಲಿ, ಯಾರಾದರೂ ಬಂದು ಮಾತಾಡಿಸಿದರೆ ಸಿಗುವಷ್ಟು ಹತ್ತಿರದಲ್ಲಿ ನಿಂತೆ. ಯಾರೂ ಬರಲಿಲ್ಲ. ಆಗ ಯಜಮಾನಿ ಗುಂಪಿನಿಂದ ಬಿಡಿಸಿಕೊಂಡು ನೆಟ್ಟಗೆ ನನ್ನ ಕಡೆಗೇ ಬಂದರು. ನನ್ನ ಮುಂದೆ ನಿಂತರು. ಬಾಗಿದರು.

ಎದೆ ತುಂಬಿ ಬಂತು. ಹೆಸರು ಅಚ್ಚಾಗದಿದ್ದರೇನು, ಗುರುತಿಸುವವರು ಗುರುತಿಸಿದರು. "ಅಯ್ಯೋ ಬೇಡಮ್ಮ, ನೀವು ದೊಡ್ಡೋರು, ನನ್ನ ಕಾಲಿಗೆ..." ಎನ್ನುತ್ತಾ ಒಂದು ಹೆಜ್ಜೆ ಹಿಂದೆ ಸರಿದೆ. ಸರಿಯುತ್ತಲೇ, ಏನೋ ಇರಲಿ ಎಂದು ಆಶೀರ್ವಾದಕ್ಕೆ ಕೈಯನ್ನೂ ಎತ್ತಿದೆ.

ನಾನು ಸರಿದದ್ದು ಅವರಿಗೆ ಅನುಕೂಲವೇ ಆಯಿತು. ನನ್ನ ಕಾಲು ಊರಿದ್ದ ಜಾಗದಿಂದ ಅವರು ಎರಡು ಬೆರಳಲ್ಲಿ ಒಂದು ಚಿಟಿಕೆ ಮಣ್ಣು ಕೆರೆದು ತೆಗೆದರು. ಇನ್ನೊಂದು ಅಂಗೈಯಲ್ಲಿ ಉಪ್ಪು, ಒಣಮೆಣಸಿನಕಾಯಿ ಸಿದ್ಧವಾಗಿದ್ದವು. ಮಣ್ಣನ್ನು ಅದರೊಳಕ್ಕೆ ಉದುರಿಸಿಕೊಂಡು ನಟಿಯ ಹತ್ತಿರ ಹೋದರು.

"ಬಾಮ್ಮ ಇಲ್ಲಿ. ಯಾರ ಕಣ್ಣು, ಎಂಥ ಕಣ್ಣು" ಎನ್ನುತ್ತಾ ತಲೆಯಿಂದ ಕಾಲವರೆಗೆ ನಿವಾಳಿಸಿದರು. "ಊರೋರ ಕಣ್ಣು, ಕೇರಿಯೋರ ಕಣ್ಣು" ಎಂದು ನನ್ನ ಕಡೆ ಒಮ್ಮೆ ನೋಡಿ, "ಜೊತೆಗಿರೋರ ಕಣ್ಣು" ಎಂದು ಸೇರಿಸಿದರು. ಅಂಗಳದ ಮೂಲೆಯಲ್ಲಿದ್ದ ಒಲೆಯ ಕೆಂಡಕ್ಕೆ ಎಸೆದರು.

ದೃಷ್ಟಿಯಿಲ್ಲದಿದ್ದರೆ ಮೆಣಸಿನಕಾಯಿ ಘಾಟು ಹಿಡಿಯುತ್ತದೆ, ಎಲ್ಲರಿಗೂ ಕೆಮ್ಮು ಬರುತ್ತದೆ. ದೃಷ್ಟಿ ಬಿದ್ದಿದ್ದರೆ ಅದು ಘಾಟನ್ನು ನುಂಗಿಬಿಡುತ್ತದೆ ಎಂದು ನಂಬಿಕೆ. ಇಡೀ ಅಂಗಳ ಮೂಗು ಎತ್ತಿ ಕಾದಿತು. ಮೆಣಸಿನಕಾಯಿಗಳು ಕಪ್ಪಾದವು, ಹೊಗೆ ಎದ್ದಿತು, ಚದುರಿತು. ಯಾರೂ ಕೆಮ್ಮಲಿಲ್ಲ. ಎಳೆ ಕೂಸು ಕೂಡ. ಯಜಮಾನಿ ಸೊಂಟದ ಮೇಲೆ ಕೈಯಿಟ್ಟು ನಿಂತರು. ಒಬ್ಬೊಬ್ಬರ ಮುಖವೂ ನನ್ನ ಕಡೆ ತಿರುಗತೊಡಗಿತು.

ನಾನು ಕೆಮ್ಮಿದೆ. ಎದೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ, ಸಾಕಷ್ಟು ಚೆನ್ನಾಗಿಯೇ ಕೆಮ್ಮಿದೆ.

ಹೊಗೆಯ ಆಚೆಯಿಂದ ನಟಿ ನನ್ನನ್ನೇ ನೋಡುತ್ತಿದ್ದಳು.

"ಏನೋ, ಪರವಾಗಿಲ್ಲ ಸಾರ್" ಎಂದಳು.